ಹಂಡೆ ಇಳಿಯುವ ಹೊತ್ತು

ರೇಷ್ಮೆ ಸಾಕುವವರಿಗೆ ಭಾನುವಾರ ಎಂಬುದಿಲ್ಲ. ಹುಳ ಕೊನೆಯ ಜ್ವರದಿಂದ ಎದ್ದ ಮೇಲಂತೂ ಹಗಲಿಗೂ ಸೊಪ್ಪು, ರಾತ್ರಿಗೂ ಸೊಪ್ಪು. ಚಂದ್ರಿಕೆಯಿಂದ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಬಂದರೆ ಮುಂದಿನ ಚಾಕಿ ಬರುವ ತನಕ ಹುಳದಮನೆ ಖಾಲಿ, ಜೇಬಿನಲ್ಲಿ ನಾಲ್ಕು ಕಾಸು. ಆ ಬಿಡುವಿನಲ್ಲಿ ನಮ್ಮೂರು ಬೂದಿಕೋಟೆಯ ಕೆಲವರು ತಿರುಪತಿಗೆ ಹೋಗುತ್ತಾರೆ, ಕೆಲವರು ಮಗಳ ಮನೆಗೆ. ನಾನು, ನನ್ನ ಹೆಂಡತಿ, ಭಾಮೈದ ಮೂವರೂ ಹಳೆಯ ಓಮ್ನಿ ಹತ್ತಿ ಟಿವಿಯಲ್ಲಿ ಕಂಡ ಹೋಟೆಲುಗಳನ್ನು ಹುಡುಕಿಕೊಂಡು ಹೊರಡುತ್ತೇವೆ.

ಈ ಹುಚ್ಚು ನಮಗೊಬ್ಬರಿಗೇ ಹಿಡಿದದ್ದಲ್ಲ. ಎನ್‌ಡಿಟಿವಿ ಗುಡ್ ಟೈಮ್ಸ್‌ನಲ್ಲಿ ರಾಕಿ ಮತ್ತು ಮಯೂರ್ ಇಬ್ಬರೂ 'ಹೈವೇ ಆನ್ ಮೈ ಪ್ಲೇಟ್' ಎಂದು ದೇಶದ ಢಾಬಾಗಳನ್ನೆಲ್ಲ ಸುತ್ತಿದರು, 2010ರಲ್ಲಿ ಅದೇ ಹೆಸರಿನ ಪುಸ್ತಕವೂ ಬಂತು. ಅಮೆರಿಕದಲ್ಲಿ ಗೈ ಫಿಯೆರಿ ಎಂಬಾತ ಕೆಂಪು ಕಾರಿನಲ್ಲಿ ಊರೂರಿನ ಸಣ್ಣ ಹೋಟೆಲುಗಳಿಗೆ ನುಗ್ಗುತ್ತಾನೆ. ಅವನು ತಿಂದಲ್ಲೆಲ್ಲ ತಿಂದು ಬರಬೇಕೆಂದು ನೂರಾರು ಮೈಲಿ ಕಾರು ಓಡಿಸುವ ಸಂಸಾರಗಳು ಅಲ್ಲಿವೆ. ಈಗ ಯೂಟ್ಯೂಬೂ ಟಿವಿಯಲ್ಲೇ ಬರುವುದರಿಂದ ನಮ್ಮ ಮನೆಯಲ್ಲಿ ಚಾನೆಲ್ ಯಾವುದು, ಯೂಟ್ಯೂಬ್ ಯಾವುದು ಎಂಬ ಭೇದ ಉಳಿದಿಲ್ಲ. ಊಟ ಮಾಡುತ್ತಾ ಬೇರೆಯವರ ಊಟ ನೋಡುವುದು, ಅಷ್ಟೆ.

ಸುತ್ತಿ ಸುತ್ತಿ ಕಲಿತದ್ದು ಇಷ್ಟು. ಟಿವಿ ಜಾಗ ತೋರಿಸುತ್ತದೆ, ಹೊತ್ತು ತೋರಿಸುವುದಿಲ್ಲ. ಕ್ಯಾಮೆರಾದವರು ಯಾವಾಗ ಬಂದರೂ ಮಾಲೀಕ ಅವರಿಗಾಗಿ ಒಲೆ ಹಚ್ಚುತ್ತಾನೆ. ನಾವು ಹೋದಾಗ ಹಂಚು ತೊಳೆದು ಬೋರಲು ಹಾಕಿರುತ್ತಾರೆ. ಹೋಟೆಲಿಗೂ ರೇಷ್ಮೆಹುಳದ ಹಾಗೆ ತನ್ನದೇ ಹೊತ್ತುಗಳಿವೆ. ಅದು ತಪ್ಪಿದರೆ ಎಷ್ಟು ಒಳ್ಳೆಯ ಸೊಪ್ಪು ತಂದರೂ ಪ್ರಯೋಜನವಿಲ್ಲ.

ಮುಳಬಾಗಿಲು ದೋಸೆಯನ್ನೇ ನೋಡಿ. ಸಣ್ಣದು, ದಪ್ಪನೆಯದು, ಹೊರಗೆ ಗರಿಗರಿ, ಒಳಗೆ ಹತ್ತಿ. ನಾವು ಕೆಜಿಎಫ್ ದಾಟಿ, ಬೇತಮಂಗಲದ ಕೆರೆ ಬಳಸಿಕೊಂಡು, ಬಿಸಿಲೇರುವ ಮೊದಲೇ ಅಲ್ಲಿರುತ್ತೇವೆ. ಮುಳಬಾಗಿಲು ತಿರುಪತಿ ದಾರಿಯ ಊರು. ನರಸಿಂಹ ತೀರ್ಥದಲ್ಲಿ ಮಿಂದು ಆಂಜನೇಯನಿಗೆ ಕೈಮುಗಿದು ಮುಂದೆ ಹೋಗುವವರು ಹಿಂದಿನಿಂದಲೂ ಇದ್ದಾರೆ. ಹಾಗೆ ಬಂದವರು ಹಸಿದಿರುವುದು ಬೆಳಿಗ್ಗೆಯೇ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಿನ ಹೊತ್ತಿಗೆ ಹದವಾಗಿ ಹುಳಿ ಬಂದಿರುತ್ತದೆ. ಹನ್ನೊಂದರ ಮೇಲೆ ಅದೇ ಹಂಚು, ಅದೇ ಕೈ, ಆದರೆ ಹಿಟ್ಟಿನ ಹುಳಿ ಬೇರೆ, ಸುಡುವವನ ಸಹನೆಯೂ ಬೇರೆ. ಅಲ್ಲಿ ನಾನು ಆಲೂಗಡ್ಡೆ ಪಲ್ಯ ಕೇಳುವುದಿಲ್ಲ. ಬರೀ ಚಟ್ನಿ ಸಾಕು ಎನ್ನುವ ಪಕ್ಷ ನನ್ನದು. ಭಾಮೈದ ಒಪ್ಪುವುದಿಲ್ಲ.

ಬಂಗಾರಪೇಟೆಯದು ಇದಕ್ಕೆ ತಿರುವುಮುರುವು. ಬೆಂಗಳೂರಿನ ಬೀದಿಬೀದಿಯಲ್ಲೂ ಈಗ 'ಬಂಗಾರಪೇಟೆ ಪಾನಿಪುರಿ' ಬೋರ್ಡು ತೂಗುತ್ತದೆ. ಅದನ್ನು ತಿಂದವರು ಮೂಲವನ್ನೇ ನೋಡೋಣವೆಂದು ಇಲ್ಲಿಗೆ ಬರುತ್ತಾರೆ. ಕಮ್ಮಸಂದ್ರದ ಕೋಟಿಲಿಂಗೇಶ್ವರನ ದರ್ಶನ ಮುಗಿಸಿ, ಮಧ್ಯಾಹ್ನ ಒಂದು ಗಂಟೆಗೆ ಗಾಡಿ ನಿಲ್ಲಿಸಿ, "ಅಣ್ಣಾ, ಪಾನಿಪುರಿ ಎಲ್ಲಿ?" ಎನ್ನುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಬಿಸಿಲಿಳಿದು, ಆಫೀಸು ಕಾಲೇಜು ಬಿಟ್ಟು, ಬೆಂಗಳೂರಿನ ರೈಲುಗಳು ಜನರನ್ನು ತಂದು ಸುರಿದ ಮೇಲೆಯೇ ಬಂಗಾರಪೇಟೆ ಪುರಿ ಒಡೆಯುವುದು. ಆಗ ಗಾಡಿಯ ಸುತ್ತ ನಿಂತವರ ಕೈಗೆ ಬರುವ ಪಾನಿಗೆ ಬಣ್ಣವೇ ಇಲ್ಲ. ಲೋಟದಲ್ಲಿ ಹಿಡಿದರೆ ಕುಡಿಯುವ ನೀರೆಂದೇ ಅನ್ನಬೇಕು. ಬಾಯಿಗಿಟ್ಟರೆ ಕಿವಿ ಬಿಸಿಯಾಗುತ್ತದೆ. ಟಿವಿಯವರಿಗೆ ಇದೊಂದು ಪೇಚು. ಹಸಿರು ಪಾನಿಯಾದರೆ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಇದನ್ನು ಹೇಗೆ ತೋರಿಸುವುದು? ಅದಕ್ಕೇ ಅವರು ಪಾನಿಯನ್ನು ಬಿಟ್ಟು ತಿನ್ನುವವರ ಮುಖ ತೋರಿಸುತ್ತಾರೆ, ಕಣ್ಣು ಒರೆಸಿಕೊಂಡು ಮತ್ತೆ ಕೈ ಚಾಚುವುದನ್ನು.

ಹೊಸಕೋಟೆಯ ದಮ್ ಬಿರಿಯಾನಿಗೆ ಬೆಳಗಿನ ಜಾವ ನಾಲ್ಕಕ್ಕೆ ಸಾಲು ನಿಲ್ಲುವುದು ಲೋಕಪ್ರಸಿದ್ಧ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕತ್ತಲಲ್ಲಿ ಬಿರಿಯಾನಿ ತಿಂದು ಮನೆಗೆ ಬಂದು ಮಲಗುವುದು ನನ್ನ ವಯಸ್ಸಿಗಲ್ಲ.

ಆದರೆ ಹೊತ್ತಿನ ಲೆಕ್ಕ ನಿಜವಾಗಿ ತಿಳಿಯಬೇಕಾದರೆ ಕೆಜಿಎಫ್‌ಗೆ ಹೋಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಆ ಊರಿನ ಹಸಿವನ್ನು ನಿರ್ಧರಿಸಿದ್ದು ಸೂರ್ಯನಲ್ಲ, ಗಣಿಯ ಪಾಳಿ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದ ಊರದು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯುವವನಿಗೆ ಹಗಲೇನು, ರಾತ್ರಿಯೇನು? ಪಾಳಿಗೆ ಇಳಿಯುವವನಿಗೆ ಇಡ್ಲಿ ಬೇಕು, ಹತ್ತಿ ಬಂದವನಿಗೆ ಸಾರನ್ನ ಬೇಕು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಒಲೆಗಳೂ ತಡವಾಗಿ ಹೊತ್ತಬೇಕಿತ್ತು, ಹಾಗಾಗಲಿಲ್ಲ. ಗಣಿಗೆ ಇಳಿಯುತ್ತಿದ್ದವರ ಮಕ್ಕಳು ಈಗ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತುತ್ತಾರೆ. ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು. ಕೋಳಿ ಕೂಗುವ ಮೊದಲೇ ಡಬ್ಬಿ ತುಂಬಿರಬೇಕು. ಹಾಗಾಗಿ ಅಲ್ಲಿ ಬೆಳಗಿನ ಜಾವದ ಇಡ್ಲಿ ಇನ್ನೂ ಇದೆ, ತಮಿಳು ಮನೆಗಳ ಕೈರುಚಿಯ ಸಾಂಬಾರಿನ ಜೊತೆ. ಆಮೇಲೆ ಊರು ಖಾಲಿ. ರಾತ್ರಿ ರೈಲು ವಾಪಸು ಬಂದಾಗ ರಾಬರ್ಟ್‌ಸನ್‌ಪೇಟೆಯಲ್ಲಿ ಪರೋಟ ತಟ್ಟುವ ಸದ್ದು. 'ಕೆಜಿಎಫ್' ಸಿನಿಮಾ ಬಂದ ಮೇಲೆ ಗಣಿಯ ಸೈನೈಡ್ ದಿಬ್ಬ ನೋಡಲು ಬರುವ ಹುಡುಗರು ಹತ್ತು ಗಂಟೆಗೆ ಬಂದು, ನಾಲ್ಕಕ್ಕೆ ಹೊರಟು, "ಇಲ್ಲಿ ತಿನ್ನೋಕೇನೂ ಇಲ್ಲ" ಎನ್ನುತ್ತಾರೆ. ಅವರು ಬರುವ ಹೊತ್ತಿಗೆ ಇಡ್ಲಿ ಮುಗಿದಿರುತ್ತದೆ, ಹೊರಡುವಾಗ ಪರೋಟದ ಹಿಟ್ಟು ಇನ್ನೂ ನೆನೆಯುತ್ತಿರುತ್ತದೆ. ಟಿವಿಯವರದೂ ಬಹುಮಟ್ಟಿಗೆ ಇದೇ ವೇಳಾಪಟ್ಟಿ.

ಮದ್ದೂರಿನ ಕಥೆಯೂ ಹೀಗೇ ಅಲ್ಲವೇ? 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು ರೈಲು ಬಂದುಬಿಡುತ್ತದೆಂಬ ಅವಸರದಲ್ಲಿ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ, ಮದ್ದೂರು ವಡೆ ಹುಟ್ಟಿತಂತೆ. ಜೋಡಿ ಹಳಿ ಬಂದು, ಕ್ರಾಸಿಂಗಿಗೆ ಕಾಯುವುದು ತಪ್ಪಿದ ಮೇಲೆ ನಿಲ್ದಾಣದ ಆ ತಿಂಡಿಮನೆಗೆ ಗಿರಾಕಿ ಕಡಿಮೆಯಾಗಿ ಕೊನೆಗೆ ಬಾಗಿಲು ಮುಚ್ಚಿತು. ವಡೆಯನ್ನು ತಂದದ್ದೂ ರೈಲಿನ ಹೊತ್ತು, ಅದರ ಮನೆಯನ್ನು ಕಳೆದದ್ದೂ ಅದೇ.

ಗೋಡೆಯ ಮೇಲಿನ ಫೋಟೋ ನೋಡಿ ಒಳಗೆ ಹೋಗುವುದನ್ನು ನಾವು ಬಿಟ್ಟಿದ್ದೇವೆ. ಹೆದ್ದಾರಿಯ ಒಂದು ಹೋಟೆಲಿನಲ್ಲಿ, ಹೆಸರು ಬೇಡ, ನಿರೂಪಕರು ತೋಳ ಮೇಲೆ ಕೈ ಹಾಕಿ ನಿಂತ ಪಟಕ್ಕೆ ಹೂವಿನ ಹಾರ ಹಾಕಿದ್ದರು. ಒಳಗೆ ಮೆನು ನೋಡಿದರೆ ಗೋಬಿ ಮಂಚೂರಿಯಿಂದ ಪನೀರ್ ಟಿಕ್ಕಾ ತನಕ. ಟಿವಿಯಲ್ಲಿ ಬಂದ ಮುದ್ದೆ ಬಸ್ಸಾರು ಕೇಳಿದರೆ, "ಅದು ಮುಂಚೆ ಇತ್ತು ಸಾರ್" ಎಂದ ಮಾಣಿ. ದೂರುವುದು ಹೇಗೆ? ಟಿವಿ ನೋಡಿ ಬಂದವರು ಅದೇ ಮಂಚೂರಿ ಕೇಳಿರಬೇಕು.

ಈಗ ನಮ್ಮ ಪದ್ಧತಿ ಹೀಗಿದೆ. ಹೊರಡುವ ಹಿಂದಿನ ದಿನ ಹೋಟೆಲಿಗೇ ಫೋನ್ ಮಾಡುವುದಿಲ್ಲ. ಮಾಡಿದರೆ "ಬನ್ನಿ ಸಾರ್, ಯಾವಾಗಲೂ ಇರುತ್ತೆ" ಎಂಬ ಉತ್ತರವೇ. ಆ ದಾರಿಯ ಬಸ್ ಕಂಡಕ್ಟರನ್ನೋ ಟೊಮೆಟೊ ಲೋಡು ಹೊಡೆಯುವ ಡ್ರೈವರನ್ನೋ ಕೇಳುತ್ತೇವೆ. ಕೂತ ಮೇಲೆ ಪಕ್ಕದ ಮೇಜಿನವರು ಏನು ತಿನ್ನುತ್ತಿದ್ದಾರೆ ನೋಡಿ ಅದನ್ನೇ ತರಿಸುತ್ತೇವೆ. ಹೀಗೆ ಆಯಾ ಊರಿನವರನ್ನೇ ನೆಚ್ಚುವುದು ಬೂದಿಕೋಟೆಯವರಿಗೆ ಹೊಸದಲ್ಲ. 2000ರ ದಶಕದ ಮೊದಲಲ್ಲಿ, ಹಳ್ಳಿಯವರಿಗೆ ರೇಡಿಯೊ ಪರವಾನಗಿ ಸಿಗದಿದ್ದ ಕಾಲಕ್ಕೆ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಇಲ್ಲಿ 'ನಮ್ಮ ಧ್ವನಿ' ಕಟ್ಟಿದವು. ಅದು ಕೇಳಿಸುತ್ತಿದ್ದದ್ದು ಕೇಬಲ್ ಮೂಲಕ, ಟಿವಿ ಪೆಟ್ಟಿಗೆಯಲ್ಲೇ. ಸುತ್ತಲಿನ ಹಳ್ಳಿಗಳ ಹೆಂಗಸರ ದನಿ ಟಿವಿಯಿಂದ ಕೇಳಿ ಬೆಳೆದ ಊರು ನಮ್ಮದು. ದೂರದ ಊರಿನ ಊಟದ ವಿಷಯವನ್ನೂ ಆ ಊರಿನವರ ಬಾಯಿಂದಲೇ ಕೇಳಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮುಂದಿನ ಗೂಡು ಮಾರಿದ ಮೇಲೆ ಆಂಬೂರು ಎಂದು ಗೊತ್ತಾಗಿದೆ. ಸೀರಗ ಸಾಂಬಾ ಅಕ್ಕಿಯ ಬಿರಿಯಾನಿ, ಪಕ್ಕದಲ್ಲಿ ಬದನೆಕಾಯಿ ಗೊಜ್ಜು. ಭಾಮೈದ ವಿಡಿಯೋ ತೋರಿಸಿ, ಮ್ಯಾಪು ತೆಗೆದು, ಯಾವ ಗೇಟು, ಯಾವ ತಿರುವು ಎಂದೆಲ್ಲ ವಿವರಿಸಿದ. ನನ್ನ ಹೆಂಡತಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ, "ಅದೆಲ್ಲ ಇರಲಿ, ಹಂಡೆ ಎಷ್ಟೊತ್ತಿಗೆ ಇಳಿಸ್ತಾರೋ ಕೇಳಿದ್ಯೇನೋ?" ಅಂದಳು. ಇಲ್ಲ ಅಕ್ಕಾ ಎಂದು ಅವನು ಲಾರಿ ಡ್ರೈವರ್‌ಗೆ ಫೋನ್ ಹಚ್ಚಿದ.