ಲಿನಕ್ಸ್ ಗಣಕದಲ್ಲಿ ಪೂರ್ವಸ್ಥಾಪಿತ ತಂತ್ರಾಂಶಗಳ ಆಯ್ಕೆ: ಕೊಡಗಿನ ಬರಹದ ನೆಲೆಯಿಂದ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಗಣಕಯಂತ್ರದಲ್ಲಿ ಅಳವಡಿಸಿದೊಡನೆ ಬಳಕೆದಾರರಿಗೆ ದೊರೆಯಬೇಕಾದ ತಂತ್ರಾಂಶಗಳು ಯಾವುವು, ಬೇಕಾದವರು ಆಮೇಲೆ ತರಿಸಿಕೊಳ್ಳಲಿ ಎಂದು ಬಿಡಬಹುದಾದವು ಯಾವುವು ಎಂಬುದನ್ನು ತಂತ್ರಜ್ಞರಿಗೆ ಸೇರಿದ ಪ್ರಶ್ನೆಯೆಂದೇ ಭಾವಿಸಲಾಗಿದೆ. ಆದರೆ ಗ್ರಂಥಸಂಪಾದಕನು ಯಾವ ಪಾಠವನ್ನು ಮೂಲದಲ್ಲಿರಿಸಬೇಕು, ಯಾವುದನ್ನು ಅಡಿಟಿಪ್ಪಣಿಗೆ ಇಳಿಸಬೇಕು ಎಂದು ನಿರ್ಧರಿಸುವ ಕ್ರಿಯೆಗೆ ಇದು ಬಹಳ ಹತ್ತಿರದ್ದು. ಅಡಿಟಿಪ್ಪಣಿಗೆ ಇಳಿದ ಪಾಠ ನಾಶವಾಗುವುದಿಲ್ಲ, ನಿಜ. ಅದನ್ನು ಓದುವವರು ಮಾತ್ರ ವಿರಳ.

ಈ ಆಯ್ಕೆಗೆ ಮೊದಲು ಕಾರಣವಾಗಿದ್ದುದು ಸ್ಥಳದ ಅಭಾವ. ಉಬುಂಟು ವಿತರಣೆಯು ಸುಮಾರು 700 ಮೆಗಾಬೈಟ್ ಹಿಡಿಯುವ ಒಂದೇ ಸಿ.ಡಿ.ಯಲ್ಲಿ ಅಡಗಬೇಕಾಗಿದ್ದ ಕಾಲದಲ್ಲಿ, 2010ರ ಆವೃತ್ತಿಯಿಂದ ಗಿಂಪ್ ಎಂಬ ಚಿತ್ರಸಂಸ್ಕರಣ ತಂತ್ರಾಂಶವನ್ನು ಕೈಬಿಡಲಾಯಿತು. 2012ರಲ್ಲಿ ಸಿ.ಡಿ.ಯ ಮಿತಿ ತೊಲಗಿತು. ಆದರೂ 2023ರ ಅಕ್ಟೋಬರ್ ಆವೃತ್ತಿಯಲ್ಲಿ ಕನಿಷ್ಠ ಅಳವಡಿಕೆಯೇ ಸಹಜ ಆಯ್ಕೆಯಾಗಿ, ಲಿಬ್ರೆಆಫೀಸ್‌ನಂತಹ ಕಚೇರಿ ತಂತ್ರಾಂಶವೂ ಐಚ್ಛಿಕ ಪಟ್ಟಿಗೆ ಸರಿಯಿತು. ಡೆಬಿಯನ್ ವಿತರಣೆಯಲ್ಲಿ ಒಪ್ಪಿಗೆ ನೀಡಿದ ಬಳಕೆದಾರರ ಗಣಕಗಳಿಂದ ಬಳಕೆಯ ಲೆಕ್ಕ ಸಂಗ್ರಹಿಸಿ, ಯಾವ ತಂತ್ರಾಂಶ ಮೊದಲ ತಟ್ಟೆಯಲ್ಲಿರಬೇಕೆಂದು ನಿರ್ಧರಿಸುವ ಪದ್ಧತಿ ಬೆಳೆಯಿತು. ಎಣಿಕೆಯೇ ಮಾನದಂಡವಾದಾಗ ಅಲ್ಪಸಂಖ್ಯಾತ ಬಳಕೆ ಹಿಂದಕ್ಕೆ ಸರಿಯುವುದು ಅನಿವಾರ್ಯ. ಕನ್ನಡದ ಒಂದು ಅಕ್ಷರಶೈಲಿಗೆ ಬೇಕಾಗುವುದು ಕೆಲವು ನೂರು ಕಿಲೋಬೈಟ್‌ಗಳಷ್ಟೇ ಎಂಬುದನ್ನು ಗಮನಿಸಿದರೆ, ಅದನ್ನು ಹೊರಗಿಡಲು ಸ್ಥಳಾಭಾವದ ನೆಪ ಸಲ್ಲದು.

'ಆಮೇಲೆ ತರಿಸಿಕೊಳ್ಳಬಹುದು' ಎಂಬ ಮಾತು ಅಂತರ್ಜಾಲ ಸದಾ ಲಭ್ಯವೆಂಬ ಊಹೆಯ ಮೇಲೆ ನಿಂತಿದೆ. ಮುಂಗಾರಿನಲ್ಲಿ ಮರಬಿದ್ದು ವಿದ್ಯುತ್ತು, ದೂರವಾಣಿ ಸಂಪರ್ಕಗಳು ಕಡಿದುಹೋಗುವ ಕೊಡಗಿನಲ್ಲಿ ಈ ಊಹೆ ನಿಲ್ಲುವುದಿಲ್ಲ. ಇಲ್ಲಿ ಗಣಕದೊಡನೆ ಬಾರದ ತಂತ್ರಾಂಶ ಅನೇಕ ವೇಳೆ ಇಲ್ಲದ ತಂತ್ರಾಂಶವೇ.

ಕನ್ನಡ ಅಧ್ಯಯನಕ್ಕೆ ಮೊದಲು ಬೇಕಾದುದು ಕೀಲಿವಿನ್ಯಾಸ. ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಸುಲಭವಾಗಿ ಸಿಗುತ್ತದೆ, ಆದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡ ಗಣಕ ಪರಿಷತ್ತಿನ ವಿನ್ಯಾಸಕ್ಕೆ ಒಗ್ಗಿದ ಕೈಗಳೇ ಕರ್ನಾಟಕದಲ್ಲಿ ಹೆಚ್ಚು. ಅದು ಎಂ17ಎನ್ ಎಂಬ ಘಟಕದ ಮೂಲಕ ಲಭ್ಯವಿದ್ದು, ಆ ಘಟಕ ಮೊದಲೇ ಇರಬೇಕು. ಅಕ್ಷರಶೈಲಿಗಳಲ್ಲಿ ಲೋಹಿತ್ ಅಲ್ಲದೆ ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು ಮುಕ್ತವಾಗಿ ದೊರೆಯುತ್ತವೆ. ಹಳಗನ್ನಡ ಪಠ್ಯಕ್ಕೆ ಱ, ೞ ಅಕ್ಷರಗಳು ಸರಿಯಾಗಿ ಮೂಡುವುದೇ ಇವುಗಳಿಗೆ ಪರೀಕ್ಷೆ. (ಯೂನಿಕೋಡ್ ಪಟ್ಟಿಯಲ್ಲಿ ೞಕಾರದ ಹೆಸರು 'ಫ' ಎಂದು ತಪ್ಪಾಗಿ ದಾಖಲಾಗಿ, ಹೆಸರು ಬದಲಿಸಲಾಗದೆಂಬ ನಿಯಮದಿಂದ ಹಾಗೆಯೇ ಉಳಿದಿದೆ.) ಪದಪರೀಕ್ಷಕದ ವಿಷಯದಲ್ಲಿ ಆತುರ ಬೇಡ. ಪ್ರತ್ಯಯಗಳು ಸರಪಳಿಯಾಗಿ ಸೇರುವ ಭಾಷೆಯಲ್ಲಿ ಬರಿಯ ಪದಪಟ್ಟಿಯನ್ನು ನೆಚ್ಚಿದ ಪರೀಕ್ಷಕವು ಶುದ್ಧರೂಪಗಳಿಗೂ ಕೆಂಪುಗೆರೆ ಎಳೆಯುತ್ತದೆ.

ಇವೆಲ್ಲಕ್ಕಿಂತ ತುರ್ತಿನದು ಪರಿವರ್ತಕ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹಗಳ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಮಹಾಪ್ರಬಂಧ, ಕ್ಷೇತ್ರಕಾರ್ಯದ ಟಿಪ್ಪಣಿ ಮುಂತಾದವುಗಳಲ್ಲಿ ಕನ್ನಡ ಅಕ್ಷರಗಳ ಚೂರುಗಳು ರೋಮನ್ ಅಕ್ಷರಗಳ ಸಂಕೇತಗಳಲ್ಲಿ ಅಡಗಿವೆ. ಆ ಶೈಲಿಯಿಲ್ಲದ ಲಿನಕ್ಸ್ ಗಣಕದಲ್ಲಿ ಅವು ಅರ್ಥಹೀನ ರೋಮನ್ ಸಾಲುಗಳಾಗಿ ತೆರೆದುಕೊಳ್ಳುತ್ತವೆ. ಪರಿವರ್ತನೆ ಅಕ್ಷರಕ್ಕೆ ಅಕ್ಷರ ಕೂರಿಸುವ ಕೆಲಸವೂ ಅಲ್ಲ. ಹಳೆಯ ಕಡತದಲ್ಲಿ ವ್ಯಂಜನದ ನಂತರ ಬರುವ ಅರ್ಕಾವೊತ್ತು, ಯೂನಿಕೋಡ್‌ನಲ್ಲಿ ವ್ಯಂಜನಕ್ಕೆ ಮುಂಚಿನ ರಕಾರವಾಗಬೇಕು. ಮುಕ್ತ ಪರಿವರ್ತಕಗಳು ಲಭ್ಯವಿದ್ದರೂ ಗಣಕದೊಡನೆ ಬರುವ ಪಟ್ಟಿಯಲ್ಲಿ ಅವುಗಳಿಗೆ ಜಾಗವಿಲ್ಲ.

ಬೇರೆ ಮಾನದಂಡದ ನಿದರ್ಶನ ನೆರೆಯಲ್ಲೇ ಇದೆ. ಭಾಗಮಂಡಲದಿಂದ ಕರಿಕೆಯ ಮಾರ್ಗವಾಗಿ ಘಟ್ಟವಿಳಿದರೆ ಸಿಗುವ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ, ಕೇರಳದ ಶಾಲೆಗಳಿಗೆ ಐಟಿ@ಸ್ಕೂಲ್ ಯೋಜನೆಯು, 2017ರ ನಂತರ ಅದರ ಉತ್ತರಾಧಿಕಾರಿಯಾದ ಕೈಟ್ ಸಂಸ್ಥೆಯು, ತಮ್ಮದೇ ಲಿನಕ್ಸ್ ಆವೃತ್ತಿಗಳನ್ನು ಒದಗಿಸಿವೆ. ಅಲ್ಲಿ ಆಯ್ಕೆಗೆ ಪಠ್ಯಕ್ರಮವೇ ಆಧಾರ: ಪಾಠದಲ್ಲಿ ಜಿಯೋಜೀಬ್ರಾ, ಇಂಕ್‌ಸ್ಕೇಪ್ ಇದ್ದರೆ ಗಣಕದಲ್ಲೂ ಅವು ಇರಬೇಕು. ಉಬುಂಟು ಬಿಟ್ಟ ಗಿಂಪ್ ಇಲ್ಲಿ ಸ್ಥಾನ ಪಡೆದುದು ಹೀಗೆ. ಎಷ್ಟು ಜನ ಬಳಸುತ್ತಾರೆ ಎಂಬುದರ ಬದಲು ಯಾವ ಕೆಲಸ ನಡೆಯಬೇಕು ಎಂದು ಕೇಳುವ ಈ ಕ್ರಮ ಕನ್ನಡ ವಿಭಾಗಗಳಿಗೂ ಅನುಸರಣೀಯ.

ಕೊಡವ ಭಾಷೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. 2011ರ ಜನಗಣತಿಯಲ್ಲಿ ಅದನ್ನು ಮಾತೃಭಾಷೆಯೆಂದವರು 1,13,857 ಮಂದಿ. ಎಣಿಕೆಯ ಮಾನದಂಡದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಎಂ.ಬಿ. ಎಮೆನೋ 1970ರ ಲೇಖನವೊಂದರಲ್ಲಿ ವಿವರವಾಗಿ ಚರ್ಚಿಸಿದ ಕೊಡವ ಸ್ವರವ್ಯವಸ್ಥೆಯಲ್ಲಿ, ನಾಲಗೆಯ ನಡುಭಾಗದಿಂದ ಹೊರಡುವ, ಹ್ರಸ್ವ-ದೀರ್ಘ ಭೇದವುಳ್ಳ ಸ್ವರಗಳಿವೆ. ಇವಕ್ಕೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲ. ಹಾಗೆಂದು ಯಾವುದೋ ಒಂದು ಚಿಹ್ನೆಯನ್ನು ಆರಿಸಿ 'ಕೊಡವ ಕೀಲಿಮಣೆ'ಯೊಂದನ್ನು ಮೊದಲೇ ಅಳವಡಿಸಿದರೆ, ಬರೆಯುವವರ ಒಪ್ಪಿಗೆಯಿಲ್ಲದೆಯೇ ಕಾಗುಣಿತವೊಂದು ಸ್ಥಿರಗೊಂಡುಬಿಡುತ್ತದೆ. ಆ ಒಪ್ಪಿಗೆ ಮೂಡುವವರೆಗೆ, ಅಂತಾರಾಷ್ಟ್ರೀಯ ಧ್ವನಿಲಿಪಿಯ ಚಿಹ್ನೆಗಳನ್ನೊಳಗೊಂಡ ಚಾರಿಸ್‌ನಂತಹ ಮುಕ್ತ ಅಕ್ಷರಶೈಲಿಯೊಂದನ್ನು ಕನ್ನಡದ ಶೈಲಿಗಳ ಜೊತೆಗಿರಿಸಿದರೆ, ಕ್ಷೇತ್ರಕಾರ್ಯದಲ್ಲಿ ಕೇಳಿದ ಸ್ವರವನ್ನು ಕೇಳಿದಂತೆಯೇ ದಾಖಲಿಸಲು ಸಾಧ್ಯವಾಗುತ್ತದೆ.