ಮೊದಲು ಬಾಡಿಗೆದಾರ, ಆಮೇಲೆ ಮನೆ

ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯಾಗಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಊರುಗಳಲ್ಲಿ ಬಾಡಿಗೆ ಮನೆಯಲ್ಲೇ ಇದ್ದವಳು ನಾನು. ಮುಂದೆ ಹಾಸನದಲ್ಲಿ ಬಾಡಿಗೆಗೆ ಕೊಡಲೆಂದೇ ಒಂದು ಮನೆ ಕೊಳ್ಳಲು ಹೊರಟಾಗ ಆ ಅನುಭವವೇ ಅರ್ಧ ಬಂಡವಾಳವಾಯಿತು. ಬ್ರೋಕರ್ ಟೈಲ್ಸು, ವಾರ್ಡ್‌ರೋಬು, ಪೂರ್ವದ ಬಾಗಿಲು ತೋರಿಸುತ್ತಿದ್ದ. ನಾನು ಕೇಳುತ್ತಿದ್ದುದು ಬೇರೆ: ಈ ಬೀದಿಗೆ ಬಾಡಿಗೆಗೆ ಬರುವವರು ಯಾರು? ಎಷ್ಟು ವರ್ಷ ಇರುತ್ತಾರೆ?

ಒಂದೇ ಜಿಲ್ಲೆಯಾದರೂ ನಾಲ್ಕು ಊರಿಗೆ ನಾಲ್ಕು ಉತ್ತರ. ಹಾಸನದಲ್ಲಿ ಬಾಡಿಗೆದಾರರನ್ನು ತರುವುದು ಸಂಸ್ಥೆಗಳು. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, 1982ರಿಂದ ಇರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, 2006ರಲ್ಲಿ ಬಂದ ವೈದ್ಯಕೀಯ ಕಾಲೇಜು, ಕೈಗಾರಿಕಾ ಪ್ರದೇಶದ ಜವಳಿ ಕಾರ್ಖಾನೆಗಳು. ಇವರೆಲ್ಲರ ಬೇಡಿಕೆ ಒಂದೇ ಅಲ್ಲ. ಹೌಸ್ ಸರ್ಜನ್ ಹುಡುಗರು ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಕೇಳುತ್ತಾರೆ, ವರ್ಷ ಮುಗಿಯುತ್ತಲೇ ಹೊರಡುತ್ತಾರೆ. ಸ್ಟಾಫ್ ನರ್ಸ್ ಕುಟುಂಬವೊಂದು ಬಂದರೆ ಮಕ್ಕಳ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಕದಲುವುದಿಲ್ಲ. ನಾನು ದೊಡ್ಡ ಹಾಲ್ ಇದ್ದ ಮನೆ ಬಿಟ್ಟು, ಆಸ್ಪತ್ರೆಗೂ ಶಾಲೆಗಳಿಗೂ ಹತ್ತಿರವಿದ್ದ ಹಳೆಯ ಎರಡು ಕೋಣೆಯ ಮನೆ ಹಿಡಿದದ್ದು ಈ ಲೆಕ್ಕದಿಂದಲೇ.

ಹೊಳೆನರಸೀಪುರ ಮೈಸೂರು–ಹಾಸನ ರೈಲು ಮಾರ್ಗದಲ್ಲಿದೆ. ರೈಲು ಇದ್ದರೆ ಬಾಡಿಗೆ ಏರುತ್ತದೆ ಎಂದು ಎಲ್ಲರೂ ಅನ್ನುತ್ತಾರೆ. ಅಲ್ಲಿದ್ದಾಗ ನಾನು ಕಂಡದ್ದು ಉಲ್ಟಾ: ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಹಾಸನದಿಂದಲೇ ಅಪ್ ಅಂಡ್ ಡೌನ್ ಮಾಡುತ್ತಿದ್ದರು. ಸಂಬಳ ಈ ಊರಿನದು, ಬಾಡಿಗೆ ಆ ಊರಿಗೆ. ಅರಕಲಗೂಡಿನ ಕಥೆಯೇ ಬೇರೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿಗೆ ಒಳ್ಳೆಯ ರೇಟು ಸಿಕ್ಕ ವರ್ಷ, ಶುಂಠಿ ಕೈಹಿಡಿದ ವರ್ಷ ಜನ ಮನೆ ಕಟ್ಟುತ್ತಾರೆ, ಮೇಲೊಂದು ಬಾಡಿಗೆ ಮನೆಯನ್ನೂ ಎಬ್ಬಿಸುತ್ತಾರೆ. ಬಾಡಿಗೆಗೆ ಬರುವವರು ಮಾತ್ರ ನಮ್ಮಂಥ ವರ್ಗಾವಣೆಯ ನೌಕರರು, ಬ್ಯಾಂಕಿನವರು. ಸೈಟು ಅಗ್ಗ ನಿಜ. ಟು-ಲೆಟ್ ಬೋರ್ಡು ತೂಗುವ ಕಾಲವೂ ಉದ್ದ.

ಚನ್ನರಾಯಪಟ್ಟಣಕ್ಕೆ ಹೆದ್ದಾರಿಯೂ ಇದೆ, 2017ರಿಂದ ಬೆಂಗಳೂರಿಗೆ ನೇರ ರೈಲೂ ಇದೆ. 2018ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಇದೇ ತಾಲ್ಲೂಕಿನ ಶ್ರವಣಬೆಳಗೊಳದ ಜನಸಾಗರ ನೋಡಿ ಅಲ್ಲೇ ರೂಮು ಕಟ್ಟಿಸಿಬಿಡೋಣ ಎಂದವರಿದ್ದರು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಬಾಡಿಗೆ ಅದು! ಚನ್ನರಾಯಪಟ್ಟಣದಲ್ಲಿ ಬಾಡಿಗೆದಾರಳಾಗಿ ನಾನು ಮೊದಲು ಕೇಳುತ್ತಿದ್ದುದು ನೀರು. ಬಯಲುಸೀಮೆಯ ಸೆರಗು ಅದು. ಸಂಪು ಎಷ್ಟು ದೊಡ್ಡದು, ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂಬುದಾದ ಮೇಲೆ ಉಳಿದದ್ದು. ಹಾಸನದ ಮನೆ ಕೊಂಡಾಗ ಬಣ್ಣ ಹೊಡೆಸುವ ಮುಂಚೆ ನಾನು ಸಂಪು ದೊಡ್ಡದು ಮಾಡಿಸಿದೆ.

ಇನ್ನು ದುಡ್ಡಿನ ಮಾತು. ನಲವತ್ತು ಲಕ್ಷ ಹಾಕಿ, ತಿಂಗಳಿಗೆ ಹತ್ತು ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 1.2 ಲಕ್ಷ, ಅಂದರೆ ಶೇ 3. ಕಂದಾಯ, ರಿಪೇರಿ, ಖಾಲಿ ಬಿದ್ದ ತಿಂಗಳು ಕಳೆದರೆ ಇನ್ನೂ ಕಡಿಮೆ. ಬಾಡಿಗೆಯಿಂದ ಇಎಂಐ ತೀರುತ್ತದೆ ಎನ್ನುವವರು ಈ ಭಾಗಾಕಾರ ಮಾಡಿರುವುದಿಲ್ಲ. ನಾವು ಅದನ್ನು ಮುಂಚೆಯೇ ಮಾಡಿ, ಸಾಲ ಅರ್ಧಕ್ಕೂ ಕಡಿಮೆ ಇರುವಂತೆ ನೋಡಿಕೊಂಡೆವು.

ಇಲ್ಲಿಯೇ ಭೋಗ್ಯದ ಆಸೆ ಹುಟ್ಟುವುದು. “ಮೇಡಂ, ಲೀಸಿಗೆ ಹಾಕ್ಬುಡಿ. ಒಂದೇ ಸಲ ಐದು ಲಕ್ಷ ಬತ್ತದೆ, ತಿಂಗ್‌ತಿಂಗ್ಳೂ ಬಾಡಿಗೆ ಕೇಳೋ ರಗಳೆ ಇರಲ್ಲ,” ಎಂದ ಬ್ರೋಕರ್. ಮನೆಗೆ ಬಂದು ಕಾಗದ ಪೆನ್ನು ತೆಗೆದೆ. ಆ ಐದು ಲಕ್ಷವನ್ನು ಗೃಹಸಾಲಕ್ಕೆ ಕಟ್ಟಿದರೆ, ಬಡ್ಡಿ ಶೇ 8.5 ಎಂದಿಟ್ಟುಕೊಂಡರೂ, ವರ್ಷಕ್ಕೆ ಉಳಿಯುವುದು 42,500. ಬಿಟ್ಟುಕೊಡುವ ಬಾಡಿಗೆ 1.2 ಲಕ್ಷ. ಹಾಗಿದ್ದರೆ ಇಷ್ಟೊಂದು ಮಾಲೀಕರು ಯಾಕೆ ಭೋಗ್ಯಕ್ಕೆ ಹಾಕುತ್ತಾರೆ? ಐದು ಲಕ್ಷಕ್ಕೆ ನೂರಕ್ಕೆ ಎರಡು ರೂಪಾಯಿಯಂತೆ ತಿಂಗಳ ಬಡ್ಡಿ ಹಾಕಿ ನೋಡಿ: ಸರಿಯಾಗಿ ಹತ್ತು ಸಾವಿರ. ಕೈಸಾಲಕ್ಕೆ ಎರಡು ರೂಪಾಯಿ ಬಡ್ಡಿ ಕಟ್ಟುತ್ತಿರುವವನಿಗೆ, ಮಗಳ ಮದುವೆಗೆ ನಾಳೆಯೇ ಹಣ ಬೇಕಾದವನಿಗೆ ಭೋಗ್ಯದಿಂದ ನಷ್ಟವಿಲ್ಲ. ಬ್ಯಾಂಕಿನಲ್ಲಿ ಸಾಲ ಸಿಗುವವರಿಗೆ ಅದು ಶುದ್ಧ ನಷ್ಟ. ಲಾಭವೆಲ್ಲ ಒಳಗೆ ಬಂದವರದು, ಅದಕ್ಕೇ ಭೋಗ್ಯದ ಮನೆ ಕೇಳುವವರು ಅಷ್ಟು ಜನ.

ಕರಾರು ಮುಗಿದ ದಿನ ಐದು ಲಕ್ಷ ವಾಪಸ್ ಕೊಡಬೇಕಲ್ಲ, ಅದು ಇನ್ನೊಂದು ತೊಡಕು. ಹಳಬರ ದುಡ್ಡನ್ನು ಹೊಸಬರಿಂದ ಪಡೆದು ತೀರಿಸುವುದೇ ರೂಢಿ. ಹೊಸಬರು ಸಿಗದಿದ್ದರೆ ಹಳಬರು ಮನೆ ಬಿಡುವುದಿಲ್ಲ, ಬಿಡಿ ಎನ್ನಲು ಮಾಲೀಕನಿಗೆ ಬಾಯಿಯೂ ಇರುವುದಿಲ್ಲ. ನಾವು ಭೋಗ್ಯ ಬಿಟ್ಟು ತಿಂಗಳ ಬಾಡಿಗೆಗೇ ಕೊಟ್ಟೆವು, ಅಡ್ವಾನ್ಸನ್ನೂ ಖರ್ಚು ಮಾಡದೆ ಬೇರೆ ಖಾತೆಯಲ್ಲಿಟ್ಟೆವು. ಕರಾರು ಹನ್ನೊಂದು ತಿಂಗಳದು. ಒಂದು ವರ್ಷ ದಾಟಿದ ಅವಧಿಗೆ ಬರೆದರೆ ನೋಂದಣಿ ಕಡ್ಡಾಯ.

ಪತ್ರಗಳ ವಿಷಯ ಚುಟುಕಾಗಿ. ಹಾಸನದ ಸುತ್ತಲಿನ ಬಡಾವಣೆಗಳಲ್ಲಿ ರೆವಿನ್ಯೂ ಸೈಟುಗಳು ಅಗ್ಗಕ್ಕೆ ಸಿಗುತ್ತವೆ. ಭೂ ಪರಿವರ್ತನೆ ಆಗಿದೆಯೇ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದೊಳಗಾದರೆ ಇ-ಖಾತೆ ಇದೆಯೇ ನೋಡದೆ ಟೋಕನ್ ಅಡ್ವಾನ್ಸ್ ಕೊಡಬೇಡಿ. ಋಣಭಾರ ಪತ್ರವನ್ನು (ಇಸಿ) ಕಾವೇರಿ ಪೋರ್ಟಲ್‌ನಲ್ಲಿ ನೀವೇ ತೆಗೆಸಬಹುದು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದೆ, ಬಜೆಟ್ಟಿನಲ್ಲಿ ಅದನ್ನೂ ಸೇರಿಸಿ. ಆದಾಯ ತೆರಿಗೆಯಲ್ಲಿ, ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಯ ಮೇಲೆ ಶೇ 30 ವಿನಾಯಿತಿ ಇದೆ, ರಿಪೇರಿಯ ಬಿಲ್ಲು ತೋರಿಸಬೇಕಿಲ್ಲ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ.

ಕರೆಂಟಿನ ಮೀಟರ್ ಇಷ್ಟು ಮುಖ್ಯವಾದೀತೆಂದು ಮುಂಚೆ ಯಾರೂ ಅಂದುಕೊಂಡಿರಲಿಲ್ಲ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಾಡಿಗೆದಾರರು ಬಾಗಿಲಲ್ಲೇ ಕೇಳುವ ಪ್ರಶ್ನೆ ಅದು. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಬಳಕೆ ಇನ್ನೂರು ಯೂನಿಟ್ ದಾಟುತ್ತದೆ, ಪೂರಾ ಬಿಲ್ಲು ಬೀಳುತ್ತದೆ, ಪ್ರತಿ ತಿಂಗಳೂ ಮೆಟ್ಟಿಲಲ್ಲಿ ಜಗಳ. ಮನೆಗೊಂದು ಆರ್‌ಆರ್ ನಂಬರ್ ಇರಲಿ, ಸಂಪಿನ ಮೋಟರಿಗೂ ಬೇರೆ ಇದ್ದರೆ ಇನ್ನೂ ನೆಮ್ಮದಿ. ಬಿಟ್ಟುಹೋಗುವವರ ಆಧಾರ್ ಜೋಡಣೆಯನ್ನು ಆ ಆರ್‌ಆರ್ ನಂಬರಿನಿಂದ ತೆಗೆಸಿದ ಮೇಲೆಯೇ ಅಡ್ವಾನ್ಸ್ ವಾಪಸ್ ಕೊಡಿ.

ಪಂಚಾಂಗವನ್ನೂ ನೋಡಬೇಕು. ನಮ್ಮ ಕಡೆ ಆಷಾಢದಲ್ಲಿ ಯಾರೂ ಹಾಲು ಉಕ್ಕಿಸುವುದಿಲ್ಲ, ಧನುರ್ಮಾಸದಲ್ಲೂ ಹಿಂದೆ ಮುಂದೆ ನೋಡುತ್ತಾರೆ. ಜೂನ್ ಕೊನೆಗೆ ಖಾಲಿಯಾದ ಮನೆ ಶ್ರಾವಣದ ತನಕ ಕಾಯುತ್ತದೆ. ಶಾಲೆಗೆ ರಜೆ, ನೌಕರರಿಗೆ ವರ್ಗಾವಣೆ ಎರಡೂ ಬರುವ ಏಪ್ರಿಲ್–ಮೇ ತಿಂಗಳಲ್ಲಿ ಕರಾರು ಮುಗಿಯುವಂತೆ ನಾನು ಬರೆಸುತ್ತೇನೆ. ಇದರಿಂದ ಉಳಿಯುವ ಎರಡು ತಿಂಗಳ ಬಾಡಿಗೆ, ವರ್ಷದ ಕಂದಾಯ ಕಳೆದೂ ಮಿಗುತ್ತದೆ.

ಹೊಸದಾಗಿ ಮನೆ ಕೊಳ್ಳಲು ಹೊರಟವರು ಮೊದಲು ಬಾಡಿಗೆಗೆ ಮನೆ ಹುಡುಕುವವರಂತೆ ಆ ಬೀದಿಗೆ ಹೋಗಿ. ಟು-ಲೆಟ್ ಬೋರ್ಡಿನ ಮೇಲಿರುವ ನಂಬರಿಗೆಲ್ಲ ಫೋನ್ ಮಾಡಿ, ಬಾಡಿಗೆ ಎಷ್ಟು, ಎಂದಿನಿಂದ ಖಾಲಿ ಇದೆ, ಹಿಂದೆ ಇದ್ದವರು ಯಾಕೆ ಬಿಟ್ಟರು ಎಂದು ಕೇಳಿ. ಮಾರುವವನು ಹೇಳುವ ಬಾಡಿಗೆಗೂ ಅಲ್ಲಿ ಸಿಗುವ ಉತ್ತರಕ್ಕೂ ತಾಳೆಯಾದರೆ ಮಾತ್ರ ಮುಂದಿನ ಮಾತು ಆಡಿ.