ನಮ್ಮ ಗಡಿ ಹೇಗಾಯಿತು? ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡುವ ಮಕ್ಕಳಿಗೊಂದು ಪಾಠ



ಬ್ಯಾಂಕು, ರೈಲ್ವೆ, ಅಂಚೆ, ಪೊಲೀಸು ಹೀಗೆ ಯಾವ ಇಲಾಖೆಯಿಂದ ಪ್ರಕಟಣೆ ಹೊರಟರೂ ನಮ್ಮ ಭಕ್ತರ ಮನೆಗಳಿಂದ ಅರ್ಜಿ ಹಾಕುವ ಮಕ್ಕಳಿದ್ದಾರೆ. ಒಕ್ಕಲುತನದ ಮನೆಯ ಮಕ್ಕಳೂ ಓದುತ್ತಿದ್ದಾರೆ, ಅಂಗಡಿಯಲ್ಲಿ ತಂದೆಗೆ ಕೈ ಹಚ್ಚುವ ಮಕ್ಕಳೂ ಓದುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಇತಿಹಾಸ ಮತ್ತು ಸಾಮಾನ್ಯ ಜ್ಞಾನ ಎಂದೊಡನೆ ಬಹಳ ಮಕ್ಕಳು ಎದೆಗುಂದುತ್ತಾರೆ. ಇಸವಿಗಳು ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಎಲ್ಲರ ದೂರು.

ನಾವು ವಾಣಿಜ್ಯ ಓದಿದವರು, ಮಠದ ಲೆಕ್ಕಪತ್ರ ನೋಡುವವರು. ಆದ್ದರಿಂದ ನಮಗೆ ತೋಚುವ ದಾರಿಯೂ ಲೆಕ್ಕದ ದಾರಿಯೇ. ದಿನದ ವ್ಯವಹಾರವನ್ನು ಮೊದಲು ಕೀರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತೇವೆ ಎಂಬುದು ವ್ಯಾಪಾರಸ್ಥ ಬಂಧುಗಳಿಗೆ ಗೊತ್ತಿದ್ದದ್ದೇ. ಬರೀ ಕೀರ್ದಿ ಇದ್ದು ಖಾತೆ ಇಲ್ಲದಿದ್ದರೆ ಯಾರ ಬಾಕಿ ಎಷ್ಟು ಎಂಬುದು ತಿಳಿಯುವುದಿಲ್ಲ. ನಮ್ಮ ಮಕ್ಕಳು ಇತಿಹಾಸವನ್ನು ಕೀರ್ದಿಯ ಹಾಗೆ ಓದುತ್ತಿದ್ದಾರೆ. ತಾರೀಖು ಉಂಟು, ಖಾತೆ ಇಲ್ಲ. ಒಂದು ವಿಷಯಕ್ಕೆ ಒಂದು ಖಾತೆ ತೆರೆದು ಕಾರಣ, ಘಟನೆ, ಫಲ ಎಂದು ಮೂರು ಮನೆ ಹಾಕಿ ಬರೆದರೆ ಒಂದು ಇಸವಿ ಇನ್ನೊಂದನ್ನು ತಾನಾಗಿ ನೆನಪಿಗೆ ತರುತ್ತದೆ.

ಈ ಸಂಚಿಕೆಯಲ್ಲಿ 'ರಾಜ್ಯಗಳ ಪುನರ್ವಿಂಗಡಣೆ' ಎಂಬ ಖಾತೆಯನ್ನು ತೆರೆಯುತ್ತೇವೆ. ಇದರ ಮೇಲೆ ಪರೀಕ್ಷೆಗಳಲ್ಲಿ ಮೇಲಿಂದ ಮೇಲೆ ಪ್ರಶ್ನೆ ಬರುತ್ತವೆ. ಅಲ್ಲದೆ ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಕಾಸರಗೋಡು, ತಾಂಡೂರು, ಹೊಸೂರು, ತಾಳವಾಡಿಗಳಲ್ಲಿರುವ ನಾವು ಈಗ ಇರುವ ರಾಜ್ಯಗಳಲ್ಲಿ ಏಕಿದ್ದೇವೆ ಎಂಬುದಕ್ಕೆ ಉತ್ತರವೂ ಈ ಅಧ್ಯಾಯದಲ್ಲಿಯೇ ಇದೆ.

ಬೇಡಿಕೆ ಹುಟ್ಟಿದ ಬಗೆ

ಬ್ರಿಟಿಷರು ಪ್ರಾಂತಗಳನ್ನು ಮಾಡಿದ್ದು ತಾವು ನಾಡನ್ನು ಗೆದ್ದ ಕ್ರಮದಲ್ಲಿ, ತಮ್ಮ ಆಡಳಿತದ ಅನುಕೂಲಕ್ಕೆ. ಜನರ ಭಾಷೆಯನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಒಡೆದು ಹೋಗಿತ್ತು. ಇವುಗಳ ನಡುವೆ ಅಕ್ಕಲಕೋಟೆ, ಜತ್ತದಂಥ ಸಣ್ಣ ಸಂಸ್ಥಾನಗಳು ಬೇರೆ. 1905ರಲ್ಲಿ ಲಾರ್ಡ್ ಕರ್ಜನ್ ಬಂಗಾಳವನ್ನು ಒಡೆದಾಗ ಬಂಗಾಳಿ ಮಾತನಾಡುವ ಬಹಳ ಮಂದಿ ಎದ್ದು ನಿಂತರು. 1911ರಲ್ಲಿ ಆ ವಿಭಜನೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಭಾಷೆಗೆ ಇರುವ ಬಲ ಆಗ ಎಲ್ಲರಿಗೂ ಕಂಡಿತು.

ನಮ್ಮಲ್ಲಿ 1890ರಲ್ಲಿಯೇ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ಆಲೂರು ವೆಂಕಟರಾಯರು ಒಂದಾದ ಕರ್ನಾಟಕದ ಮಾತನ್ನು ಮನೆಮನೆಗೆ ಒಯ್ದರು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಮೇಲೆ ರಚಿಸಲು ಒಪ್ಪಿತು. 1924ರಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯಿತು. ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ ಇದು. ಈ ಪ್ರಶ್ನೆಯನ್ನು ಮಕ್ಕಳು ಗುರುತು ಹಾಕಿಕೊಳ್ಳಬೇಕು. 1936ರ ಏಪ್ರಿಲ್ 1ರಂದು ಒರಿಸ್ಸಾ ಪ್ರತ್ಯೇಕ ಪ್ರಾಂತವಾಯಿತು.

ಸ್ವಾತಂತ್ರ್ಯದ ನಂತರ

ಸ್ವಾತಂತ್ರ್ಯ ಬಂದ ಕೂಡಲೆ ಭಾಷಾವಾರು ರಾಜ್ಯ ಬರುತ್ತದೆ ಎಂದು ಜನ ನಂಬಿದ್ದರು. ಆದರೆ ದೇಶ ಆಗಷ್ಟೇ ಎರಡಾಗಿತ್ತು. ಮತ್ತೆ ಒಡಕು ಬೇಡವೆಂಬ ಹೆದರಿಕೆ ನಾಯಕರಲ್ಲಿತ್ತು. 1948ರಲ್ಲಿ ನೇಮಿಸಿದ ಎಸ್. ಕೆ. ಧರ್ ಆಯೋಗ ಭಾಷೆಯೊಂದನ್ನೇ ಆಧಾರ ಮಾಡಬಾರದೆಂದಿತು. ನಂತರ ಜವಾಹರಲಾಲ ನೆಹರು, ವಲ್ಲಭಭಾಯಿ ಪಟೇಲ, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿ 1949ರಲ್ಲಿ ವರದಿ ಕೊಟ್ಟು, ಸದ್ಯಕ್ಕೆ ತಡೆಯಿರಿ ಎಂದಿತು. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಇದನ್ನು ಜೆ.ವಿ.ಪಿ. ಸಮಿತಿ ಎನ್ನುತ್ತಾರೆ.

ತಡೆದು ನಿಲ್ಲಿಸಿದ ನೀರು ಒಡ್ಡು ಒಡೆದದ್ದು ಆಂಧ್ರದಲ್ಲಿ. ಪೊಟ್ಟಿ ಶ್ರೀರಾಮುಲು ಅವರು 1952ರ ಅಕ್ಟೋಬರ್ 19ರಂದು ಮದರಾಸಿನಲ್ಲಿ ಉಪವಾಸ ಕುಳಿತು ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ನಾಲ್ಕೇ ದಿನಕ್ಕೆ ಪ್ರಧಾನಿಯವರು ಆಂಧ್ರ ರಾಜ್ಯದ ಘೋಷಣೆ ಮಾಡಿದರು. 1953ರ ಅಕ್ಟೋಬರ್ 1ರಂದು ಕರ್ನೂಲು ರಾಜಧಾನಿಯಾಗಿ ಆಂಧ್ರ ರಾಜ್ಯ ಬಂದಿತು. ಅದೇ ದಿನ ಬಳ್ಳಾರಿ ಜಿಲ್ಲೆ ಹಿಸ್ಸೆಯಾಯಿತು. ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಭಾಗ ಮೈಸೂರಿಗೆ ಬಂದಿತು.

ಅದೇ 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕೈಕೊಂಡರು. ವರ್ಷದ ಕೊನೆಗೆ ಕೇಂದ್ರ ಸರಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಫಜಲ್ ಅಲಿ ಅಧ್ಯಕ್ಷರು. ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಸದಸ್ಯರು. 1955ರ ಸೆಪ್ಟೆಂಬರ್ 30ಕ್ಕೆ ವರದಿ ಬಂದಿತು. ಆಯೋಗ 16 ರಾಜ್ಯ, 3 ಕೇಂದ್ರಾಡಳಿತ ಪ್ರದೇಶಗಳನ್ನು ಸೂಚಿಸಿತ್ತು. 1956ರ ಕಾಯಿದೆಯಂತೆ ನವೆಂಬರ್ 1ರಂದು ಬಂದದ್ದು 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ. ಸೂಚನೆಯ ಅಂಕಿ ಬೇರೆ, ಜಾರಿಗೆ ಬಂದ ಅಂಕಿ ಬೇರೆ. ಪ್ರಶ್ನೆ ಯಾವುದನ್ನು ಕೇಳುತ್ತಿದೆ ಎಂಬುದನ್ನು ನೋಡಿ ಉತ್ತರ ಬರೆಯಬೇಕು. ಹಾಗೆಯೇ 1953ರದು 'ಆಂಧ್ರ ರಾಜ್ಯ', 1956ರದು 'ಆಂಧ್ರ ಪ್ರದೇಶ' ಎಂಬ ಭೇದವೂ ನೆನಪಿರಲಿ.

ಗೆರೆಯ ಆಚೆಗೆ ಉಳಿದ ಊರುಗಳು

ಅಣ್ಣತಮ್ಮಂದಿರು ಬೇರೆಯಾಗುವಾಗ ಬಾವಿ ಒಬ್ಬನ ಪಾಲಿಗೆ, ಬಾವಿಯ ದಾರಿ ಇನ್ನೊಬ್ಬನ ಪಾಲಿಗೆ ಬರುವುದುಂಟು. ಎಷ್ಟು ಜಾಣ ಪಂಚರಿದ್ದರೂ ಎಲ್ಲರ ಮನಸ್ಸಿನ ಹಾಗೆ ಆಗದು. 1956ರಲ್ಲಿಯೂ ಅದೇ ಆಯಿತು. ಗೆರೆ ಎಳೆದದ್ದು ಹೆಚ್ಚಾಗಿ ಜಿಲ್ಲೆ, ತಾಲೂಕುಗಳನ್ನು ಹಿಡಿದು. ಆದರೆ ಜನರ ಮಾತು ತಾಲೂಕಿನ ಗಡಿಗೆ ನಿಲ್ಲುವುದಿಲ್ಲ.

ದಕ್ಷಿಣ ಕನ್ನಡ ಮೈಸೂರಿಗೆ ಸೇರಿದರೂ ಕಾಸರಗೋಡು ಕೇರಳಕ್ಕೆ ಹೋಯಿತು. ಕಲಬುರಗಿ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ಆಂಧ್ರ ಪ್ರದೇಶಕ್ಕೆ ಹೋದವು; 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂದಿತು. ಹೊಸೂರು, ತಾಳವಾಡಿ, ನೀಲಗಿರಿ ಮದರಾಸಿನಲ್ಲಿ ಉಳಿದವು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದ ಅಕ್ಕಲಕೋಟೆ, ಜತ್ತ ಅಲ್ಲಿಯೇ ನಿಂತು, 1960ರ ಮೇ 1ರಂದು ಮಹಾರಾಷ್ಟ್ರಕ್ಕೆ ಸೇರಿದವು.

ಬೆಳಗಾವಿಯ ಮೇಲಿನ ತಕರಾರಿನಿಂದಾಗಿ 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗವಾಯಿತು. 1967ರ ಆಗಸ್ಟಿನಲ್ಲಿ ವರದಿ ಬಂದಿತು. ಬೆಳಗಾವಿ ಮೈಸೂರಿನಲ್ಲಿಯೇ ಇರಬೇಕು, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಪ್ರದೇಶ ಮೈಸೂರಿಗೆ ಬರಬೇಕು, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳೂ ಬರಬೇಕು, ಬೆಳಗಾವಿ ಕಡೆಯ ಕೆಲವು ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು ಎಂದು ಅದು ಹೇಳಿತು. ಮಹಾರಾಷ್ಟ್ರ ಒಪ್ಪಲಿಲ್ಲ. ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಹಕ್ಕಿನ ಬಾಬು

ಖಾತೆಯಲ್ಲಿ ಖರ್ಚಿನ ಕಡೆ ಇಷ್ಟಾಯಿತು. ಜಮೆಯ ಕಡೆಯನ್ನೂ ನೋಡಬೇಕು. ಎಷ್ಟು ಚೆನ್ನಾಗಿ ಗೆರೆ ಎಳೆದರೂ ಪ್ರತಿ ರಾಜ್ಯದಲ್ಲಿ ಬೇರೆ ಭಾಷೆಯ ಜನ ಉಳಿಯುತ್ತಾರೆ ಎಂಬುದು ಆಯೋಗಕ್ಕೂ ಸಂಸತ್ತಿಗೂ ಗೊತ್ತಿತ್ತು. ಆದ್ದರಿಂದ 1956ರ ಏಳನೆಯ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಎರಡು ವಿಧಿಗಳನ್ನು ಸೇರಿಸಿದರು.

350-ಎ ವಿಧಿಯಂತೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು. 350-ಬಿ ವಿಧಿಯಂತೆ, ಇಂಥವರ ರಕ್ಷಣೆಯ ವಿಷಯ ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಮಾಡಲು ವಿಶೇಷ ಅಧಿಕಾರಿ ಇರಬೇಕು. ಮೊದಲಿನಿಂದಲೇ ಇರುವ 30ನೆಯ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 350ನೆಯ ವಿಧಿ, ತನ್ನ ಕುಂದುಕೊರತೆಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆದು ಕೊಡುವ ಹಕ್ಕು ಕೊಟ್ಟಿದೆ.

ಮಕ್ಕಳಿಗೆ ಇವು ಒಂದೆರಡು ಅಂಕದ ಪ್ರಶ್ನೆಗಳು. ಹಿರಿಯರಿಗೆ ಇವು ಊರಿನ ಕನ್ನಡ ಶಾಲೆಯ ಮಾತು. ಶಾಲೆಗೆ ಮಾಸ್ತರರು ಬರಲಿಲ್ಲ, ಕನ್ನಡ ಪುಸ್ತಕ ಬರಲಿಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಬೇಸರಪಟ್ಟರೆ ಪುಸ್ತಕ ಬರುವುದಿಲ್ಲ. 'ಪ್ರಯತ್ನಿಸಬೇಕು' ಎಂಬ ಮಾತು ಸಂವಿಧಾನದಲ್ಲಿದೆ, ನಿಜ. ಕೇಳುವವರಿದ್ದಾಗ ಮಾತ್ರ ಪ್ರಯತ್ನಿಸುವವರು ಏಳುತ್ತಾರೆ. ಹತ್ತು ಮಂದಿ ಪಾಲಕರು ಸಹಿ ಮಾಡಿ, ವಿಧಿಯ ಸಂಖ್ಯೆ ನಮೂದಿಸಿ ಅರ್ಜಿ ಕೊಡಿರಿ. ನಕಲು ಪ್ರತಿಯ ಮೇಲೆ ಪೋಚು ಮಾಡಿಸಿಕೊಳ್ಳುವುದನ್ನು ಮರೆಯಬೇಡಿರಿ.

ಕನ್ನಡದಲ್ಲಿ ಓದಿದರೆ ನೌಕರಿ ಎಲ್ಲಿ ಎಂದು ಕೇಳುವವರಿದ್ದಾರೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಬರೆಯಬಹುದು. ಆ 22 ಭಾಷೆಗಳಲ್ಲಿ ಕನ್ನಡ ಒಂದು. ಗ್ರಾಮೀಣ ಬ್ಯಾಂಕುಗಳ ನೇಮಕದ ಪರೀಕ್ಷೆ 2019ರಿಂದ, ಕೇಂದ್ರ ಸಶಸ್ತ್ರ ಪೊಲೀಸು ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲಿಯೂ ನಡೆದಿವೆ. ನೀವಿರುವ ರಾಜ್ಯದ ನೌಕರಿಗೆ ಆ ರಾಜ್ಯದ ಭಾಷೆಯೂ ಬೇಕಾಗುತ್ತದೆ, ಅದನ್ನೂ ಮಕ್ಕಳು ಚೆನ್ನಾಗಿ ಕಲಿಯಲಿ. ಅರ್ಜಿ ಹಾಕುವ ಮೊದಲು ಪ್ರಕಟಣೆಯಲ್ಲಿ ಭಾಷೆಯ ಕಲಮನ್ನು ತಪ್ಪದೆ ಓದಬೇಕು.

ಮನೆಯಲ್ಲಿ ಮಾಡಬೇಕಾದದ್ದು

ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಮಕ್ಕಳಿಂದ ಈ ಖಾತೆಯನ್ನು ಹೇಳಿಸಿ ಕೇಳಿರಿ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ, 'ಅದು ಯಾಕಾಯಿತು, ಮುಂದೆ ಏನಾಯಿತು' ಎಂದು ಕೇಳಿದರೆ ಸಾಕು. ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಖರೀದಿ ಪತ್ರವಿದ್ದರೆ ತೆಗೆದು ತೋರಿಸಿರಿ. ಅದು ಯಾವ ಸರಕಾರದ ಛಾಪಾ ಕಾಗದ, ಯಾವ ಭಾಷೆಯ ಬರಹ ಎಂದು ಮಕ್ಕಳೇ ಓದಲಿ. ಒಂದೇ ಹೊಲ ಎಷ್ಟು ಸರಕಾರಗಳನ್ನು ಕಂಡಿದೆ ಎಂಬುದು ತಿಳಿದ ಮಗುವಿಗೆ 1948, 1953, 1956, 1960 ಮರೆಯುವುದಿಲ್ಲ.

ಅಭ್ಯಾಸದ ಪ್ರಶ್ನೆಗಳು

1. ಜೆ.ವಿ.ಪಿ. ಸಮಿತಿಯ ಮೂವರು ಯಾರು?
2. ಆಂಧ್ರ ರಾಜ್ಯ ಯಾವಾಗ ಬಂದಿತು? ಅದರ ರಾಜಧಾನಿ ಯಾವುದು?
3. ಫಜಲ್ ಅಲಿ ಆಯೋಗದ ಇಬ್ಬರು ಸದಸ್ಯರು ಯಾರು?
4. 350-ಎ, 350-ಬಿ ವಿಧಿಗಳು ಯಾವ ತಿದ್ದುಪಡಿಯಿಂದ ಸೇರಿದವು?
5. 1956ರ ನವೆಂಬರ್ 1ರಂದು ಮೈಸೂರಿನ ಮುಖ್ಯಮಂತ್ರಿಯಾದವರು ಯಾರು?
6. ಈಗ ದೇಶದಲ್ಲಿ ಎಷ್ಟು ರಾಜ್ಯ, ಎಷ್ಟು ಕೇಂದ್ರಾಡಳಿತ ಪ್ರದೇಶಗಳಿವೆ?

ಉತ್ತರಗಳು: (1) ನೆಹರು, ಪಟೇಲ, ಪಟ್ಟಾಭಿ ಸೀತಾರಾಮಯ್ಯ. (2) 1953ರ ಅಕ್ಟೋಬರ್ 1, ಕರ್ನೂಲು. (3) ಕುಂಜ್ರು, ಪಣಿಕ್ಕರ್. (4) ಏಳನೆಯ ತಿದ್ದುಪಡಿ, 1956. (5) ಎಸ್. ನಿಜಲಿಂಗಪ್ಪ. (6) 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ.

ಮಕ್ಕಳು ಮೊದಲು ಉತ್ತರಗಳನ್ನು ಕೈಯಿಂದ ಮುಚ್ಚಿ ಬರೆದು, ಆಮೇಲೆ ತಾಳೆ ನೋಡಬೇಕು. ತಪ್ಪಿದ ಪ್ರಶ್ನೆ ಯಾವ ಘಟನೆಗೆ ಸೇರಿದ್ದೋ ಆ ಸಾಲನ್ನು ಖಾತೆಯಲ್ಲಿ ಮತ್ತೊಮ್ಮೆ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಖಾತೆ ತೆರೆಯೋಣ.